ಅಪ್ಪೆಮಿಡಿ ಯಾರ ಸ್ವತ್ತು?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಉಪ್ಪಿನಕಾಯಿಯ ಜಾಡಿ ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ಗೊರಟು ಬಲಿಯುವ ಮೊದಲೇ ತೊಟ್ಟುಸಹಿತ ಕೊಯ್ದು, ಸೊನೆ ಆರದಂತೆ ಉಪ್ಪಿಗೆ ಹಾಕಿದ ಅಪ್ಪೆಮಿಡಿಯ ಪರಿಮಳ ಈ ಸೀಮೆಯವರಿಗೆ ಹುಟ್ಟಿನಿಂದ ಬಂದದ್ದು. ಈಗ ಆ ಜಾಡಿ ಅಡುಗೆಮನೆಯಿಂದ ಪೇಟೆಗೆ ನಡೆದಿದೆ. ಪೇಟೆಗೆ ಹೋದ ಪದಾರ್ಥಕ್ಕೆ ಚೀಟಿ ಬೇಕು, ಚೀಟಿಗೆ ಹೆಸರು ಬೇಕು, ಹೆಸರಿಗೆ ನೋಂದಣಿ ಬೇಕು. ತೊಡಕು ಹುಟ್ಟುವುದು ಅಲ್ಲಿಯೇ.

ಒಬ್ಬರು ‘ಮಲೆನಾಡು ಅಪ್ಪೆಮಿಡಿ’ ಎಂಬ ಹೆಸರನ್ನು ಚಿತ್ರಸಹಿತವಾಗಿ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದರೆಂದು ಇಟ್ಟುಕೊಳ್ಳೋಣ. ‘ಮಲೆನಾಡು’ ಎಂಬುದು ಊರನ್ನು ಹೇಳುವ ಮಾತು. ‘ಅಪ್ಪೆಮಿಡಿ’ ಎಂಬುದು ಪದಾರ್ಥವನ್ನು ಹೇಳುವ ಮಾತು. ಸರಕಿನ ಜಾತಿ, ಗುಣ, ಹುಟ್ಟಿದ ಸ್ಥಳಗಳನ್ನಷ್ಟೇ ತಿಳಿಸುವ ಪದಗಳು ಒಬ್ಬರ ಮುದ್ರೆಯಾಗಲಾರವೆಂದು 1999ರ ಕಾಯಿದೆಯ 9ನೆಯ ಕಲಮು ಹೇಳುತ್ತದೆ. ಚಿತ್ರದ ಬಲದಿಂದ ಮುದ್ರೆ ನೋಂದಣಿಯಾದರೂ ಆ ಎರಡು ಪದಗಳ ಮೇಲೆ ಪ್ರತ್ಯೇಕ ಹಕ್ಕು ಬರುವುದಿಲ್ಲ. ಹಿಂದಿನ ಕಾಯಿದೆಗಳ ಕಾಲದಲ್ಲಿ ಅಧಿಕಾರಿಯು ‘ಈ ಪದದ ಮೇಲೆ ನನಗೆ ಹಕ್ಕಿಲ್ಲ’ ಎಂಬ ಹಕ್ಕುತ್ಯಾಗವನ್ನು ಅರ್ಜಿದಾರನಿಂದ ಬರೆಯಿಸಿಕೊಳ್ಳಬಹುದಾಗಿತ್ತು. ಈಗಿನ 17ನೆಯ ಕಲಮಾದರೋ ಬರೆಯಿಸಲಿ ಬಿಡಲಿ, ಎಲ್ಲರ ಬಳಕೆಯ ಪದದಲ್ಲಿ ಒಬ್ಬನಿಗೆ ಏಕಸ್ವಾಮ್ಯ ಹುಟ್ಟದೆಂದೇ ಸಾರುತ್ತದೆ.

ಇದೇನು ಹೊಸ ಜಿಜ್ಞಾಸೆಯಲ್ಲ. ಕಲ್ಕತ್ತೆಯ ತುಪ್ಪದ ಕಂಪೆನಿಯೊಂದರ ಮುದ್ರೆಯಲ್ಲಿ ‘ಶ್ರೀ’ ಎಂಬ ಪದವಿತ್ತು. ಅದರ ಮೇಲಿನ ಹಕ್ಕನ್ನು ಬಿಟ್ಟುಕೊಡಬೇಕೆಂದು ಅಧಿಕಾರಿ ವಿಧಿಸಿದರು, ಹೈಕೋರ್ಟು ಒಪ್ಪಲಿಲ್ಲ, 1955ರಲ್ಲಿ ಸುಪ್ರೀಂ ಕೋರ್ಟು ಅಧಿಕಾರಿಯ ಮಾತನ್ನೇ ಎತ್ತಿಹಿಡಿಯಿತು. ನಮ್ಮ ಮದುವೆಯ ಕರೆಯೋಲೆ, ಅಂಗಡಿಯ ಖಾತೆಪುಸ್ತಕಗಳೆಲ್ಲ ಶ್ರೀಕಾರದಿಂದಲೇ ಮೊದಲಾಗುವಾಗ ಅದನ್ನು ಒಂದು ತುಪ್ಪದ ಡಬ್ಬಿಗೆ ಕಟ್ಟಿಹಾಕುವುದುಂಟೆ? ನೋಂದಣಿಯ ಮರೆಯಲ್ಲಿ ಅತಿಯಾದ ಹಕ್ಕು ಸಾಧಿಸುವುದನ್ನು ತಗ್ಗಿಸುವುದೇ ಹಕ್ಕುತ್ಯಾಗದ ಉದ್ದೇಶವೆಂದು ನ್ಯಾಯಾಲಯ ವಿವರಿಸಿತು. ನಮ್ಮ ನಾಡಿನಲ್ಲೇ 2018ರಲ್ಲಿ ಇದಕ್ಕೆ ಸಮೀಪದ ವ್ಯಾಜ್ಯವೊಂದು ತೀರ್ಮಾನವಾಯಿತು. 1985ರಿಂದ ‘ನಂದಿನಿ’ ಎಂಬ ಹೆಸರಿಟ್ಟುಕೊಂಡಿದ್ದ ಹಾಲು ಮಹಾಮಂಡಲವು, 1989ರಿಂದ ‘ನಂದಿನಿ ಡೀಲಕ್ಸ್’ ಎಂಬ ಹೆಸರಿನಲ್ಲಿ ನಡೆದುಬಂದ ಹೋಟೆಲನ್ನು ಆಕ್ಷೇಪಿಸಿತ್ತು. ಪುರಾಣದ ಕಾಮಧೇನುವಿನ ಸಂತತಿಯ ಹೆಸರನ್ನು ಯಾರೊಬ್ಬರೂ ಸೃಷ್ಟಿಸಿದ್ದಲ್ಲ. ಹಾಲು, ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದವುಗಳಿಗೆ ಹೋಟೆಲಿನವರ ಮುದ್ರೆಯನ್ನು ಸುಪ್ರೀಂ ಕೋರ್ಟು ಮಾನ್ಯಮಾಡಿತು.

‘ವರ್ಷಗಟ್ಟಲೆ ದುಡಿದು ಹೆಸರು ಗಳಿಸಿದವನ ಗತಿಯೇನು?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ದೀರ್ಘಕಾಲದ ಬಳಕೆಯಿಂದ ಸಾಮಾನ್ಯ ಪದವೂ ಒಬ್ಬನ ಸರಕನ್ನೇ ಜನರ ಮನಸ್ಸಿಗೆ ತರುವಂತಾದರೆ, ಕಾಯಿದೆ ಅದನ್ನು ಮನ್ನಿಸುತ್ತದೆ. ಆದರೆ ಅದನ್ನು ಪುರಾವೆಯಿಂದ ತೋರಿಸಬೇಕು. ಚೀಟಿಯನ್ನು ಇಡಿಯಾಗಿ ನಕಲು ಮಾಡಿ ಗಿರಾಕಿಯನ್ನು ವಂಚಿಸುವವನಿಗೆ ಹಕ್ಕುತ್ಯಾಗ ರಕ್ಷೆಯಾಗುವುದೂ ಇಲ್ಲ. ಬಿಟ್ಟುಕೊಟ್ಟದ್ದು ಪದವನ್ನೇ ಹೊರತು ಶ್ರಮದ ಫಲವನ್ನಲ್ಲ.

ನಿಜವಾದ ಅಪಾಯ ಬೇರೆಯೇ ಇದೆ. ಕರ್ನಾಟಕದ ಅರ್ಜಿಗಳನ್ನು ನೋಡುವ ನೋಂದಣಿ ಕಚೇರಿ ಇರುವುದು ಚೆನ್ನೈಯಲ್ಲಿ. ವಕೀಲರ ನೋಟೀಸು ಬರುವುದು ಇಂಗ್ಲಿಷಿನಲ್ಲಿ. ‘ಅಪ್ಪೆಮಿಡಿ ಎಂಬ ಪದ ನಮ್ಮದು, ಚೀಟಿಯಿಂದ ತೆಗೆಯಿರಿ’ ಎಂದು ಯಾರಾದರೂ ಬರೆದರೆ, ಹೊಸನಗರದ ಹಳ್ಳಿಯೊಂದರಲ್ಲಿ ಹತ್ತಾರು ಜಾಡಿ ಮಾರುವ ಹೆಣ್ಣುಮಗಳು ಹೆದರಿ ವ್ಯಾಪಾರವನ್ನೇ ನಿಲ್ಲಿಸಿಯಾಳು. ತನ್ನ ಸರಕು ಏನೆಂಬುದನ್ನು ಪ್ರಾಮಾಣಿಕವಾಗಿ ಹೇಳುವವರನ್ನು ಟ್ರೇಡ್‌ಮಾರ್ಕ್ ಹೊಂದಿದವನು ತಡೆಯಲಾರನೆಂದು 35ನೆಯ ಕಲಮಿನಲ್ಲಿದೆ. ಅದನ್ನು ಅವಳಿಗೆ ತಿಳಿಸುವವರು ಬೇಕು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆ ಮಾನ್ಯತೆ ಒಬ್ಬ ವರ್ತಕನ ಸೊತ್ತಲ್ಲ, ಒಂದು ಪ್ರದೇಶದ ಬೆಳೆಗಾರರೆಲ್ಲರ ಪಾಲು.

ಆದ್ದರಿಂದ ಮಾಡಬೇಕಾದದ್ದು ಎರಡು. ಹೆಸರಿಡುವವರು ಎಲ್ಲರ ಮಾತನ್ನು ಬಯಸದೆ, ಮನೆತನದ ಹೆಸರೋ ಹೊಸದಾಗಿ ಹೆಣೆದ ಪದವೋ, ತಮ್ಮದೇ ಆದೊಂದನ್ನು ಆರಿಸಿಕೊಳ್ಳಲಿ. ಅದರ ಪಕ್ಕದಲ್ಲಿ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಧಾರಾಳವಾಗಿ ಬರೆಯಲಿ. ಸಹಕಾರ ಸಂಘಗಳೂ ಮಹಿಳಾ ಮಂಡಲಗಳೂ ಟ್ರೇಡ್‌ಮಾರ್ಕ್ ಪತ್ರಿಕೆಯ ಮೇಲೊಂದು ಕಣ್ಣಿಟ್ಟು, ಪ್ರಕಟಣೆಯಾದ 4 ತಿಂಗಳೊಳಗೆ ಅನ್ಯಾಯದ ಅರ್ಜಿಗಳಿಗೆ ವಿರೋಧ ಸಲ್ಲಿಸಲಿ. ಶರಾವತಿಯ ದಡದಲ್ಲಿ ತಾನಾಗಿ ಬೆಳೆದ ಮರಕ್ಕೆ ಆ ಹೆಸರಿಟ್ಟವರು ಯಾರೆಂದು ಬಲ್ಲವರಿಲ್ಲ. ಅದನ್ನು ಕಾಯುವ ಹೊಣೆ ಮಾತ್ರ ಈಗ ನಮ್ಮೆಲ್ಲರದು.