ಅನಾಥ ಬೆಕ್ಕಿನ ಮರಿಗೆ ಮೊದಲು ಬೇಕಾದದ್ದು ಔಷಧಿಯಲ್ಲ

ಮಳೆಗಾಲ ಶುರುವಾಯಿತೆಂದರೆ ರವಿವಾರ ಪೇಟೆಯ ನನ್ನ ದವಾಖಾನೆಗೆ ಬೇರೆಯದೇ ಬಗೆಯ ರೋಗಿಗಳು ಬರತೊಡಗುತ್ತಾರೆ. ಒಬ್ಬರು ರಟ್ಟಿನ ಡಬ್ಬಿಯಲ್ಲಿ ತರುತ್ತಾರೆ, ಇನ್ನೊಬ್ಬರು ಹಳೆಯ ಓಢಣಿಯಲ್ಲಿ ಸುತ್ತಿ ತರುತ್ತಾರೆ. ಶಾಲೆಯ ಹುಡುಗರಾದರೆ ಅಂಗಿಯೊಳಗೇ ಬಚ್ಚಿಟ್ಟುಕೊಂಡು ಬರುತ್ತಾರೆ. "ಡಾಕ್ಟರ್ ಆಪಾ, ಇದರ ತಾಯಿ ಇಲ್ಲರಿ. ಕಣ್ಣು ಅಂಟಿಕೊಂಡಾವು. ಏನರ ಔಷಧ ಕೊಡ್ರಿ" ಎನ್ನುತ್ತಾರೆ. ಅಂಗೈಯಷ್ಟೂ ಇಲ್ಲದ ಬೆಕ್ಕಿನ ಮರಿ ನನ್ನ ಮೇಜಿನ ಮೇಲೆ ನಡುಗುತ್ತಿರುತ್ತದೆ.

ನಮ್ಮ ಪೇಟೆಯಲ್ಲಿ ಇದು ಹೊಸದೇನಲ್ಲ. ಅಕ್ಕಿ, ಬೇಳೆ, ಬೆಲ್ಲದ ಸಗಟು ಅಂಗಡಿಗಳಿರುವಲ್ಲಿ ಇಲಿಗಳಿರುತ್ತವೆ, ಇಲಿಗಳಿರುವಲ್ಲಿ ಬೆಕ್ಕುಗಳಿರುತ್ತವೆ. ತಾಯಿ ಬೆಕ್ಕು ಗೋದಾಮಿನ ಚೀಲಗಳ ಸಂದಿಯಲ್ಲಿ ಮರಿ ಹಾಕುತ್ತದೆ. ಒಂದು ದಿನ ಹಮಾಲರು ಆ ಚೀಲಗಳನ್ನು ಎತ್ತುತ್ತಾರೆ, ಇಲ್ಲವೇ ತಾಯಿ ರಸ್ತೆಯಲ್ಲಿ ಗಾಡಿಗೆ ಸಿಗುತ್ತದೆ. ಮರಿಗಳು ಮಳೆಯಲ್ಲಿ ಉಳಿಯುತ್ತವೆ.

ಮರಿಯನ್ನು ಎತ್ತಿಕೊಂಡು ಬಂದವರ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಔಷಧಿ ಕೊಡುವುದಿಲ್ಲ. "ನಾನು ಮನುಷ್ಯರ ವೈದ್ಯೆ. ಮರಿಯನ್ನು ಮೊದಲು ಬೆಚ್ಚಗಿಡಿ, ಆಮೇಲೆ ಪಶುವೈದ್ಯರಲ್ಲಿಗೆ ಹೋಗಿ" ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಹೀಗೆ ಹೇಳಲು ನನಗೊಂದು ಕಾರಣವಿದೆ.

ಸುಮಾರು ಹತ್ತು ವರ್ಷಗಳ ಹಿಂದೆ ನನ್ನ ಮಗ ಒಂದು ಮರಿಯನ್ನು ತಂದಿದ್ದ. ಅದರ ಮೈ ಬಿಸಿಯಾಗಿತ್ತು, ಮೂಗು ಸೋರುತ್ತಿತ್ತು. ಮನೆಯಲ್ಲಿ ಮಕ್ಕಳ ಜ್ವರದ ಪ್ಯಾರಸಿಟಮಾಲ್ ಸಿರಪ್ ಇತ್ತು. ಮಗುವಿಗೆ ಕೊಡುವುದರಲ್ಲಿ ಸ್ವಲ್ಪವೇ ಸ್ವಲ್ಪ ಕೊಟ್ಟರೆ ಏನಾದೀತು ಎಂದು ಕೆಲವು ಹನಿ ಹಾಕಿದೆ. ರಾತ್ರಿಯ ಹೊತ್ತಿಗೆ ಅದರ ಮುಖ ಊದಿತು, ವಸಡು ಕಂದು ಬಣ್ಣಕ್ಕೆ ತಿರುಗಿತು, ಉಸಿರಾಡಲು ಒದ್ದಾಡಿತು. ಫಜ್ರ್ ನಮಾಝಿನ ವೇಳೆಗೆ ಸತ್ತುಹೋಗಿತ್ತು. ನೆಗಡಿಯಿಂದಲೇ ಸತ್ತಿತೆಂದು ನಾವೆಲ್ಲ ಅಂದುಕೊಂಡೆವು. ಬಹಳ ದಿನಗಳ ನಂತರ ಪರಿಚಯದ ಪಶುವೈದ್ಯರೊಬ್ಬರು ಹೇಳಿದಾಗಲೇ ನಿಜ ಗೊತ್ತಾದದ್ದು. ಅದನ್ನು ಕೊಂದದ್ದು ನನ್ನ ಕೈಯ ಔಷಧಿ.

ನಮ್ಮ ದೇಹ ಪ್ಯಾರಸಿಟಮಾಲನ್ನು ಯಕೃತ್ತಿನಲ್ಲಿ ಬೇರೊಂದು ವಸ್ತುವಿನೊಂದಿಗೆ ಕೂಡಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಸಾಮರ್ಥ್ಯ ತೀರಾ ಕಡಿಮೆ. ಹೊರಹೋಗದ ಔಷಧಿ ವಿಷವಾಗಿ ಮಾರ್ಪಡುತ್ತದೆ, ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಸಡು ಕಂದಾಗುವುದು ಅದರಿಂದಲೇ. ಇದೇ ಕೊರತೆಯಿಂದಾಗಿ ಆಸ್ಪಿರಿನ್, ಫಿನಾಯಿಲ್, ಕರ್ಪೂರ, ನೀಲಗಿರಿ ಎಣ್ಣೆ, ನೆಗಡಿಗೆ ಹಚ್ಚುವ ಬಾಮ್ ಕೂಡ ಬೆಕ್ಕಿಗೆ ಅಪಾಯಕಾರಿ. ಹಚ್ಚಿದ್ದನ್ನು ಅದು ಮೈ ನೆಕ್ಕಿ ನುಂಗುತ್ತದೆ ಎಂಬುದನ್ನೂ ಮರೆಯಬೇಡಿ.

"ಯೂನಾನಿ ಔಷಧಿ ಗಿಡಮೂಲಿಕೆಯದಲ್ಲವೇ, ಅದರಿಂದೇನು ತೊಂದರೆ?" ಎಂದು ಕೇಳುವವರಿದ್ದಾರೆ. ನಮ್ಮ ಶಾಸ್ತ್ರದ ಮೂಲಪಾಠವೇ ಮಿಝಾಜ್. ಇಬ್ಬರು ಮನುಷ್ಯರ ಮಿಝಾಜ್ ಬೇರೆಯಿದ್ದರೆ ಔಷಧಿಯೂ ಬೇರೆ ಎನ್ನುವ ನಾವು, ಮನುಷ್ಯನ ಜೋಶಾಂದಾವನ್ನು ಬೆಕ್ಕಿಗೆ ಕುಡಿಸುವುದು ಹೇಗೆ ಸರಿಯಾದೀತು? ನಮ್ಮ ಹಿರಿಯರು ತಬೀಬ್ ಯಾರು, ಬೈತಾರ್ ಯಾರು ಎಂಬುದನ್ನು ಸ್ಪಷ್ಟವಾಗಿ ಬೇರ್ಪಡಿಸಿದ್ದರು. ಬೈತಾರ್ ಎಂದರೆ ಪಶುವೈದ್ಯ. ಸುಮಾರು 1,400 ಔಷಧಿ ಮತ್ತು ಆಹಾರವಸ್ತುಗಳ ವಿವರವನ್ನು ಒಂದೇ ಗ್ರಂಥದಲ್ಲಿ ಕೂಡಿಸಿದ, 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಮಹಾವಿದ್ವಾಂಸ ಇಬ್ನುಲ್ ಬೈತಾರ್ ಅವರ ಹೆಸರಿನ ಅರ್ಥವೇ ಪಶುವೈದ್ಯನ ಮಗ ಎಂದು. ಆದ್ದರಿಂದ ಬೆಕ್ಕನ್ನು ಬೈತಾರ್ ಬಳಿಗೆ ಕಳುಹಿಸುವುದು ನಮ್ಮ ಪರಂಪರೆಗೆ ಹೊರತಾದದ್ದಲ್ಲ.

ಹಾಗಾದರೆ ಮನೆಯಲ್ಲಿ ನೀವು ಮಾಡಬಹುದಾದದ್ದೇನು?

ಮರಿ ನಿಜವಾಗಿ ಅನಾಥವೇ?

ಮೊದಲು ಇದನ್ನು ನೋಡಿ. ಮರಿಗಳು ಒಣಗಿದ ಜಾಗದಲ್ಲಿ ಒಂದಕ್ಕೊಂದು ಒತ್ತಿ ಮಲಗಿದ್ದು, ಹೊಟ್ಟೆ ತುಂಬಿಕೊಂಡು ಸುಮ್ಮನಿದ್ದರೆ ತಾಯಿ ಆಹಾರ ಹುಡುಕಲು ಹೋಗಿರಬಹುದು. ಮಕ್ಕಳನ್ನು ದೂರವಿರಿಸಿ ಒಂದೆರಡು ಗಂಟೆ ಕಾಯಿರಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನು ನಂಬಿ ಎತ್ತಿಕೊಂಡು ಬರಬೇಡಿ. ಸಾಮಾನ್ಯವಾಗಿ ತಾಯಿ ಸೇರಿಸಿಕೊಳ್ಳುತ್ತದೆ. ತಾಯಿಗಿಂತ ಚೆನ್ನಾಗಿ ಸಾಕಲು ನಮ್ಮಿಂದಾಗದು. ಮರಿ ಒದ್ದೆಯಾಗಿದ್ದರೆ, ತಣ್ಣಗಿದ್ದರೆ, ಎಡೆಬಿಡದೆ ಅಳುತ್ತಿದ್ದರೆ, ಮೈಮೇಲೆ ಇರುವೆ ಹತ್ತಿದ್ದರೆ ಮಾತ್ರ ಕಾಯಬೇಡಿ.

ಹಾಲಿಗಿಂತ ಮೊದಲು ಶಾಖ

ಹಸಿದಿದೆಯೆಂದು ಕೂಡಲೇ ಹಾಲು ಹಾಕುವುದೇ ನಮ್ಮವರು ಮಾಡುವ ಮೊದಲ ತಪ್ಪು. ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ. ಕೊಟ್ಟ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತದೆ. ಬೆರಳನ್ನು ಮರಿಯ ಬಾಯೊಳಗಿಟ್ಟು ನೋಡಿ. ತಣ್ಣಗಿದ್ದರೆ ಹಾಲು ಬೇಡ.

ಮೈಯನ್ನು ಒರೆಸಿ ಒಣಗಿಸಿ. ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಒಂದು ಬದಿಗಿಡಿ. ಇನ್ನೊಂದು ಬದಿ ಖಾಲಿಯಿರಲಿ, ಸೆಕೆಯಾದರೆ ಮರಿ ಸರಿದುಹೋಗಬೇಕು. ನಿಧಾನವಾಗಿ ಕಾಯಿಸಿ, ಒಲೆಯ ಬಳಿ ಇಡಬೇಡಿ. ನೀರು ಆರಿದಂತೆ ಬದಲಿಸುತ್ತಿರಿ. ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡದು, ನೆಲವೇ ತಂಪಾಗಿರುತ್ತದೆ. ಅಲ್ಲಿ ಡಬ್ಬಿಯ ಕೆಳಗೂ ಒಂದು ಗೋಣಿಚೀಲ ಹಾಕಿ.

ಯಾವ ಹಾಲು, ಎಷ್ಟು ಸಲ?

ಆಕಳು, ಎಮ್ಮೆಯ ಹಾಲು ಬೆಕ್ಕಿನ ಹಾಲಿನಂತಲ್ಲ. ಆಕಳ ಹಾಲಿನಲ್ಲಿ ಮರಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ, ಭೇದಿಯೂ ಹತ್ತಬಹುದು. ಇಷ್ಟು ಸಣ್ಣ ಜೀವಕ್ಕೆ ಒಂದು ದಿನದ ಭೇದಿಯೇ ಸಾಕು ಸಾಯಲು. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಆ ರಾತ್ರಿ ಸಿಗದೇ ಹೋದರೆ ಆಡಿನ ಹಾಲು ಬೆಳಗಿನವರೆಗಿನ ಆಸರೆ, ಅಷ್ಟೇ.

ಮರಿಯನ್ನು ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ. ಹೊಟ್ಟೆ ಕೆಳಗಾಗಿರಲಿ, ತಾಯಿಯ ಬಳಿ ಕುಡಿಯುವುದೂ ಹಾಗೆಯೇ. ಉಗುರುಬೆಚ್ಚಗಿನ ಹಾಲನ್ನು ಸಣ್ಣ ಬಾಟಲಿಯಿಂದ ಅದೇ ಚೀಪಲಿ, ನೀವು ಒತ್ತಿ ಹಾಕಬೇಡಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮೂರು ನಾಲ್ಕು ವಾರವಾದ ಮೇಲೆ ನಾಲ್ಕೈದು ಗಂಟೆಗೊಮ್ಮೆ ಸಾಕು. ನಾಲ್ಕನೇ ವಾರದಿಂದ ಮೆತ್ತಗಿನ ಆಹಾರ ರೂಢಿಮಾಡಿಸಬಹುದು. ಪ್ರತಿ ಸಲ ಹಾಲಿನ ನಂತರ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಬದಿಯನ್ನು ಮೆಲ್ಲಗೆ ಒರೆಸಿ. ತಾಯಿ ನೆಕ್ಕಿದರೇ ಎಳೆಯ ಮರಿಗೆ ಮಲಮೂತ್ರವಾಗುವುದು.

ತಕ್ಕಡಿಗೆ ನಮ್ಮ ಪೇಟೆಯಲ್ಲಿ ಬರವಿಲ್ಲ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10 ಗ್ರಾಂನಷ್ಟಾದರೂ ಹೆಚ್ಚಬೇಕು. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಿ. ತೂಕ ಇಳಿದರೆ, ಒಂದು ದಿನ ಏರದೇ ನಿಂತರೂ ಸಹ, ಅದು ಎಚ್ಚರಿಕೆ.

ಅಂಟಿದ ಕಣ್ಣು, ಸೋರುವ ಮೂಗು

ಕಣ್ಣು ತೆರೆಯುವುದೇ ಒಂದರಿಂದ ಎರಡು ವಾರದೊಳಗೆ. ಅದಕ್ಕಿಂತ ಮೊದಲು ಬಲವಂತವಾಗಿ ಬಿಡಿಸಬೇಡಿ. ತೆರೆದ ಕಣ್ಣು ಪಿಸಿರಿನಿಂದ ಅಂಟಿದ್ದರೆ ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಎರಡು ಕಣ್ಣಿಗೆ ಬೇರೆ ಬೇರೆ ಹತ್ತಿ ಬಳಸಿ. ಗುಲಾಬಿ ಅರ್ಕ ಬೇಡ, ಸುರ್ಮಾ ಬೇಡ, ಮನೆಯಲ್ಲಿ ಉಳಿದ ಯಾರದೋ ಕಣ್ಣಿನ ಹನಿಯೂ ಬೇಡ. ಇದು ಹೆಚ್ಚಾಗಿ ಬೆಕ್ಕುಗಳಲ್ಲಿ ಹರಡುವ ವೈರಾಣುಗಳಿಂದ ಬರುವ ನೆಗಡಿ. ಚಿಕಿತ್ಸೆ ತಡವಾದರೆ ಕಣ್ಣೇ ಹೋಗುತ್ತದೆ. ಚಿಗಟಗಳಿದ್ದರೆ ಬಾಚಣಿಗೆಯಿಂದ ತೆಗೆಯಿರಿ. ನಾಯಿಗಳಿಗೆ ಹಾಕುವ ಚಿಗಟದ ಔಷಧಿಯಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು.

ಮರಿ ಚೀಪದಿದ್ದರೆ, ಕಾಯಿಸಿದರೂ ಮೈ ಬಿಸಿಯಾಗದಿದ್ದರೆ, ಭೇದಿ ವಾಂತಿಯಾದರೆ, ಬಾಯಿ ತೆರೆದು ಉಸಿರಾಡಿದರೆ, ವಸಡು ಬಿಳಿಚಿದರೆ, ಮೂಗಿನಿಂದ ಹಾಲು ಬಂದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ನಾಳೆಯವರೆಗೆ ತಡೆಯುವ ಶಕ್ತಿ ಅದರ ಮೈಯಲ್ಲಿಲ್ಲ. ಹಳ್ಳಿಯಲ್ಲಿರುವವರು ತಾಲೂಕಿನ ಪಶು ಆಸ್ಪತ್ರೆಗೆ ಹೋಗಿ. 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗೆಂದು ಇದೆ, ಆದರೂ ಹತ್ತಿರದ ವೈದ್ಯರು ಯಾರೆಂದು ಅಲ್ಲಿ ಕೇಳಬಹುದು.

ಪಾಕ್ ಮತ್ತು ಶುಚಿತ್ವ

ಬೆಕ್ಕು ಬಾಯಿ ಹಾಕಿದ ನೀರಿನ ಕುರಿತ ಹದೀಸ್ ನಮಗೆಲ್ಲ ಗೊತ್ತು. ಹಝ್ರತ್ ಅಬೂ ಕತಾದಾ(ರ) ತಮ್ಮ ವುಝೂವಿನ ಪಾತ್ರೆಯನ್ನು ಬೆಕ್ಕಿಗೆ ಬಾಗಿಸಿ ಕುಡಿಸಿದರು, ಬೆಕ್ಕು ಅಶುದ್ಧವಲ್ಲ, ನಮ್ಮ ನಡುವೆ ಓಡಾಡಿಕೊಂಡಿರುವ ಜೀವ ಎಂಬ ಪ್ರವಾದಿವರ್ಯರ(ಸ) ಮಾತನ್ನು ನೆನಪಿಸಿದರು. ಆದರೆ ಪಾಕ್ ಎಂದರೆ ರೋಗಾಣುವಿಲ್ಲ ಎಂದರ್ಥವಲ್ಲ. ಅದರ ಮಲಮೂತ್ರವಂತೂ ನಜಸ್. ಮರಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಅಡುಗೆಮನೆಯಲ್ಲಿ, ಕೂಸಿನ ಹಾಸಿಗೆಯಲ್ಲಿ, ಜಾನಮಾಝಿನ ಮೇಲೆ ಇರಿಸಬೇಡಿ. ಮಕ್ಕಳ ಚರ್ಮದ ಮೇಲೆ ಉಂಗುರದಂಥ ಗಜಕರ್ಣ ಕಂಡರೆ ಮಗುವಿಗೂ ಮರಿಗೂ ಅವರವರ ವೈದ್ಯರಿಂದ ಚಿಕಿತ್ಸೆ ಕೊಡಿಸಿ.

ಗರ್ಭಿಣಿಯರು ಬೆಕ್ಕಿನ ಮಲವನ್ನು ತೆಗೆಯಬಾರದು. ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ಆ ಕೆಲಸ ಗಂಡಂದಿರು ಮಾಡಲಿ, ದಿನವೂ ಮಾಡಲಿ. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು.

ಮರಿ ಕಚ್ಚಿದರೆ, ಪರಚಿ ರಕ್ತ ಬಂದರೆ ಸಣ್ಣದೆಂದು ಬಿಡಬೇಡಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಾಕಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಈ ರೋಗ ಕಾಣಿಸಿಕೊಂಡ ಮೇಲೆ ಯೂನಾನಿಯಲ್ಲೂ ಅಲೋಪಥಿಯಲ್ಲೂ ಔಷಧಿಯಿಲ್ಲ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋ ಇರುವ ಊರಿನವರು ನಾವು. ಲಸಿಕೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಎತ್ತಿಕೊಂಡ ಮೇಲೆ ಹೊಣೆ ನಮ್ಮದು

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಸ್ತ್ರೀಯ ಹದೀಸನ್ನು ಮಕ್ಕಳಿಗೆ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಇದು: ಬಾಗಿಲು ಹಾಕಿದ ಕ್ಷಣದಿಂದ ಆ ಜೀವದ ಹಸಿವು ಆಕೆಯ ಲೆಕ್ಕಕ್ಕೆ ಬಂತು. ನಾವು ಮರಿಯನ್ನು ಮನೆಗೆ ತಂದರೆ ನಮಗೂ ಅದೇ ಲೆಕ್ಕ. ಎರಡು ದಿನ ಮುದ್ದು ಮಾಡಿ, ಭೇದಿ ಹತ್ತಿದ ಕೂಡಲೇ ಚೀಲದಲ್ಲಿ ಹಾಕಿ ಇನ್ನೊಂದು ಓಣಿಯಲ್ಲಿ ಬಿಟ್ಟುಬರುವುದು ಕರುಣೆಯಲ್ಲ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು.

ರಾತ್ರಿ ಎದ್ದು ಹಾಲು ಕುಡಿಸಲು ಆಗದಿದ್ದರೆ, ಆಗುವವರನ್ನು ಹುಡುಕಿಕೊಡಿ. ಪಶುವೈದ್ಯರ ಖರ್ಚು ಒಬ್ಬರಿಗೆ ಭಾರವಾದರೆ ಓಣಿಯ ನಾಲ್ಕು ಮನೆಯವರು ಕೂಡಿ ಕೊಡಿ. ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೂ ಪ್ರತಿಫಲವಿದೆ ಎಂದು ನಂಬುವ ಸಮುದಾಯ "ಬೆಕ್ಕಿಗೂ ದವಾಖಾನೆಯೇ?" ಎಂದು ನಗಬಾರದು. ಅಂಗಡಿಗಳ ಸಾವಕಾರರಲ್ಲೂ ಒಂದು ಮಾತು. ನಿಮ್ಮ ಧಾನ್ಯ ಕಾಯುವ ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿ. ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸುವ ಬಗ್ಗೆಯೂ ಯೋಚಿಸಿ. ಪ್ರಯೋಜನವಿದ್ದಲ್ಲಿ ಪ್ರಾಣಿಗಳಿಗೆ ಇದಕ್ಕೆ ಅಡ್ಡಿಯಿಲ್ಲ ಎಂದ ಹನಫೀ ವಿದ್ವಾಂಸರಿದ್ದಾರೆ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ. ವರ್ಷಕ್ಕೆ ಎರಡು ಮೂರು ಸಲ ಹುಟ್ಟಿ ಮಳೆಯಲ್ಲಿ ಸಾಯುವ ಮರಿಗಳಿಗಿಂತ ಅದು ಮೇಲು.

ಎಲ್ಲ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ತಾಯಿಯ ಹಾಲು ಸಿಗದ ಎಳೆಯ ಮರಿ ಉಳಿಯುವುದೇ ಕಷ್ಟ. ಆಗ ಮಕ್ಕಳಿಗೆ ಸುಳ್ಳು ಹೇಳಬೇಡಿ, ಅವರ ತಪ್ಪೆಂದೂ ಹೇಳಬೇಡಿ. ಆಳವಾದ ಗುಂಡಿ ತೋಡಿ ಹೂಳಿ, ಕೈ ತೊಳೆದು ಬನ್ನಿ. ನನ್ನ ಮಗನಿಗೆ ನಾನು ಆಗ ನೆಗಡಿಯೆಂದೇ ಹೇಳಿದ್ದೆ. ನಿಜ ತಿಳಿದ ಮೇಲೆ ಅವನನ್ನು ಕೂರಿಸಿಕೊಂಡು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಿ, ಇನ್ನೊಮ್ಮೆ ತಂದರೆ ಏನು ಮಾಡಬೇಕು?" ಎಂದು ಕೇಳಿದ. ಈ ಲೇಖನ ಅವನಿಗೆ ಕೊಟ್ಟ ಉತ್ತರವೇ.