ನಾಯಕನ ರನ್ನು, ನಾಯಕನ ಕೆಲಸ

“ಕ್ಯಾಪ್ಟನ್ ಅಂದ್ಮೇಲೆ ರನ್ ಹೊಡಿಕ್. ಇಲ್ದಿರೆ ಅಂವ ಎಂತಕ್ ಮಾರಾಯಾ?” 2024ರ ಡಿಸೆಂಬರಿನಲ್ಲಿ ಭಾರತದ ಆಗಿನ ಟೆಸ್ಟ್ ನಾಯಕ ರೋಹಿತ್ ಶರ್ಮಾ ಆಸ್ಟ್ರೇಲಿಯಾದಲ್ಲಿ ಒಂದರ ಹಿಂದೊಂದು ಇನಿಂಗ್ಸ್‌ನಲ್ಲಿ ಎಡವುತ್ತಿದ್ದಾಗ ಕೊಲ್ಲೂರಿನ ಹೋಟೆಲುಗಳಲ್ಲಿ, ಬೈಂದೂರಿನ ಬಸ್ಸಿನಲ್ಲಿ ಕೇಳಿಬರುತ್ತಿದ್ದ ಮಾತಿದು. ಇಡೀ ದೇಶ ಆಡುತ್ತಿದ್ದ ಮಾತನ್ನೇ ನಮ್ಮೂರು ಕುಂದಾಪ್ರ ಕನ್ನಡದಲ್ಲಿ ಆಡುತ್ತಿತ್ತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಹನ್ನೊಂದು ಮಂದಿಯಲ್ಲಿ ಇವನಿಗೆ ಜಾಗವಿದೆಯೇ ಎಂಬುದು ಒಂದು. ಉಳಿದ ಹತ್ತು ಮಂದಿಯನ್ನು ಇವನು ನಡೆಸಬಲ್ಲನೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ರನ್ನಿನಲ್ಲಿದೆ, ಎರಡನೆಯದಕ್ಕೆ ಇಲ್ಲ. ನಾಯಕನ ಬ್ಯಾಟನ್ನು ಉಳಿದ ಹತ್ತು ಜನರ ಬ್ಯಾಟನ್ನು ಅಳೆಯುವ ಕೋಲಿನಲ್ಲೇ ಅಳೆಯಬೇಕು. ಅವನಿಗೆಂದು ಉದ್ದದ ಕೋಲೂ ಬೇಡ, ಗಿಡ್ಡದ ಕೋಲೂ ಬೇಡ.

ಎದುರು ವಾದಕ್ಕೆ ತೂಕವಿದೆ. ತಂಡದಲ್ಲಿರುವುದು ಹನ್ನೊಂದೇ ಜಾಗ. ಅದರಲ್ಲಿ ಒಂದನ್ನು ರನ್ ಗಳಿಸದ ಬ್ಯಾಟ್ಸ್‌ಮನ್‌ಗೆ ಕೊಟ್ಟರೆ ಉಳಿದವರು ಹತ್ತೇ ಜನರಾಗಿ ಆಡಬೇಕು. ಆ ಸರಣಿಯ ಐದು ಇನಿಂಗ್ಸ್‌ಗಳಲ್ಲಿ ರೋಹಿತ್ ಗಳಿಸಿದ್ದು ಒಟ್ಟು 31 ರನ್. 2025ರ ಜನವರಿಯ ಸಿಡ್ನಿ ಟೆಸ್ಟಿನಿಂದ ಅವರು ತಾವಾಗಿಯೇ ಹೊರಗುಳಿದರು. ಅದು ಸರಿಯಾದ ನಿರ್ಧಾರವೇ. ಗಮನಿಸಬೇಕಾದ್ದು ಏನೆಂದರೆ, ಅವರು ಹೊರಗುಳಿದದ್ದು ಲಯ ಕಳೆದುಕೊಂಡ ಬ್ಯಾಟ್ಸ್‌ಮನ್ ಆಗಿ. ನಾಯಕನಲ್ಲದ ಆಟಗಾರ 31 ರನ್ ಗಳಿಸಿದ್ದರೂ ಇದೇ ಆಗಬೇಕಿತ್ತು.

ಎರಡನೆಯ ವಾದವನ್ನೂ ನಾನು ಗೌರವಿಸುತ್ತೇನೆ: ಮುಂದೆ ನಿಂತು ಆಡಿ ತೋರಿಸುವವನ ಮಾತನ್ನು ಹುಡುಗರು ಕೇಳುತ್ತಾರೆ. ಕರ್ನಾಟಕದವರಿಗೆ ಇದಕ್ಕೆ ಸಾಕ್ಷಿ ಹೊರಗಿನಿಂದ ಬರಬೇಕಾಗಿಲ್ಲ. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಶಾಂತಾ ರಂಗಸ್ವಾಮಿ. ಮರುವರ್ಷ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು ಗಳಿಸಿದ 108 ರನ್ ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. 2006ರಲ್ಲಿ ಕಿಂಗ್‌ಸ್ಟನ್‌ನ ಕೆಟ್ಟ ಪಿಚ್ಚಿನಲ್ಲಿ ನಾಯಕ ರಾಹುಲ್ ದ್ರಾವಿಡ್ ಗಳಿಸಿದ 81 ಮತ್ತು 68 ರನ್‌ಗಳಿಂದಲೇ ಭಾರತ 35 ವರ್ಷಗಳ ಬಳಿಕ ವೆಸ್ಟ್ ಇಂಡೀಸಿನಲ್ಲಿ ಸರಣಿ ಗೆದ್ದಿತು. ನಾಯಕನ ರನ್ನಿಗೆ ಇಂಥ ಬಲವಿದೆ. ಆದರೆ ಆ ಬಲ ನಾಯಕತ್ವಕ್ಕೆ ಊರುಗೋಲು, ಅದೇ ನಾಯಕತ್ವ ಆಗಲಾರದು. ಇಂಗ್ಲೆಂಡಿನ ಮೈಕ್ ಬ್ರೇರ್ಲಿ 39 ಟೆಸ್ಟ್ ಆಡಿ ಒಂದೂ ಶತಕ ಹೊಡೆಯಲಿಲ್ಲ, ಸರಾಸರಿ 23ನ್ನೂ ಮುಟ್ಟಲಿಲ್ಲ. ಅವರು ಮುನ್ನಡೆಸಿದ 31 ಟೆಸ್ಟುಗಳಲ್ಲಿ ಇಂಗ್ಲೆಂಡ್ ಗೆದ್ದದ್ದು 18, ಸೋತದ್ದು ನಾಲ್ಕೇ. 1981ರಲ್ಲಿ ಅವರು ನಾಯಕತ್ವಕ್ಕೆ ಮರಳಿದ್ದು ಇಯಾನ್ ಬಾಥಂ ಅದನ್ನು ಬಿಟ್ಟ ಮೇಲೆ. ನಾಯಕನಾಗಿ 12 ಟೆಸ್ಟುಗಳಲ್ಲಿ ಒಂದನ್ನೂ ಗೆಲ್ಲದೆ, ಲಾರ್ಡ್ಸ್‌ನ ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆ ಸುತ್ತಿದ್ದ ಅದೇ ಬಾಥಂ, ಹೊರೆ ಇಳಿದ ಮರು ಟೆಸ್ಟಿನಲ್ಲೇ ಹೆಡಿಂಗ್ಲಿಯಲ್ಲಿ ಔಟಾಗದೆ 149 ರನ್ ಬಾರಿಸಿದರು. ಬ್ರೇರ್ಲಿಯನ್ನು ತೋರಿಸಿ, ಬ್ಯಾಟು ಹಿಡಿಯಲು ಬಾರದವನನ್ನು ನಾಯಕ ಮಾಡಿ ಎಂದು ನಾನು ಹೇಳುತ್ತಿಲ್ಲ. ಎರಡೂ ಬೇರೆ ವಿದ್ಯೆಗಳು ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ.

ಯಕ್ಷಗಾನ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಇದು ಹೊಸದಾಗಬಾರದು. ಪದ್ಯ ಹಾಡುತ್ತ ಆಟ ನಡೆಸುವ ಭಾಗವತನನ್ನು ಮೊದಲನೇ ವೇಷ ಎಂದೇ ಕರೆಯುತ್ತೇವೆ, ಅವನು ಬಣ್ಣ ಹಚ್ಚುವುದಿಲ್ಲ. ಕಂಠ ಚೆನ್ನಾಗಿದ್ದರೆ ಜನ ಮರುಳಾಗುತ್ತಾರೆ. ಕಾಳಿಂಗ ನಾವಡರ ಪದ್ಯ ಕೇಳಲೆಂದೇ ಗದ್ದೆ ದಾಟಿ ಬಂದವರು ಇದ್ದರು. ಆದರೆ ಆಟ ಬಲ್ಲ ಹಿರಿಯರು ಭಾಗವತನನ್ನು ತೂಗುವುದು ಬೇರೆ ಕಡೆ. ವೇಷಧಾರಿ ದಣಿದಿದ್ದಾನೆ ಎಂದು ಕಂಡ ಕೂಡಲೇ ತಾಳ ಹಿಡಿದ ಕೈಯಲ್ಲೇ ಮದ್ದಳೆಯವನಿಗೆ ಸೂಚನೆ ಕೊಟ್ಟು ಎರಡು ಪದ್ಯ ಹಾರಿಸುತ್ತಾನೆ. ಮಾತು ಎಳೆಯುವವನನ್ನು ಮುಂದಿನ ಪದ್ಯ ಎತ್ತಿ ತಡೆಯುತ್ತಾನೆ. ಹೊಸ ಹುಡುಗನಿಗೆ ಅವನ ಕುಣಿತಕ್ಕೆ ಹೊಂದುವ ತಾಳ ಕೊಡುತ್ತಾನೆ. ಅವನ ಗಂಟಲು ಕಟ್ಟಿದ ರಾತ್ರಿಯೂ ರಂಗ ಬೀಳದಿದ್ದರೆ ಅವನು ಒಳ್ಳೆಯ ಭಾಗವತ. ಆಟದ ಚಪ್ಪರದಲ್ಲಿ ಈ ವಿವೇಕ ತೋರುವ ನಾವು ಟೀವಿಯ ಮುಂದೆ ಯಾಕೆ ಅದನ್ನು ಬಿಟ್ಟುಕೊಡುತ್ತೇವೆ?

ಕಾರಣ ಸರಳ. ರನ್ನನ್ನು ಎಣಿಸಬಹುದು. ಸ್ಲಿಪ್ಪಿನಲ್ಲಿ ನಿಂತವನು ಪಾಯಿಂಟಿನವನನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದ್ದು, ಸೋತ ಮುಖದ ಬೌಲರಿಗೆ ಇನ್ನೊಂದು ಓವರ್ ಕೊಟ್ಟದ್ದು, ಹದಿನೈದು ಸೆಕೆಂಡಿನೊಳಗೆ ರಿವ್ಯೂ ಬೇಡವೆಂದದ್ದು ಯಾವ ಸ್ಕೋರ್‌ಕಾರ್ಡಿನಲ್ಲೂ ಇಲ್ಲ. ಇಲ್ಲದ್ದನ್ನು ನೋಡಲು ಶ್ರಮ ಬೇಕು. ಇರುವುದನ್ನು ಓದಿ ಬೈಯಲು ಬೇಕಿಲ್ಲ.

ಇದರ ಅನ್ಯಾಯ ಅತಿ ಹೆಚ್ಚು ಕಂಡದ್ದು 2007ರ ಆಗಸ್ಟಿನ ಓವಲ್ ಟೆಸ್ಟಿನಲ್ಲಿ. ಸರಣಿಯಲ್ಲಿ ಭಾರತ 1-0 ಮುಂದಿತ್ತು. ಅನಿಲ್ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದು, ತಂಡ 664 ರನ್ ಪೇರಿಸಿತ್ತು. ಇಂಗ್ಲೆಂಡ್ 345ಕ್ಕೆ ಔಟಾದಾಗ ಮುನ್ನಡೆ 319. ನಾಯಕ ದ್ರಾವಿಡ್ ಫಾಲೋಆನ್ ಹೇರಲಿಲ್ಲ. ಮತ್ತೆ ಬ್ಯಾಟಿಂಗಿಗೆ ಇಳಿದ ಭಾರತ 11 ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಿತು. ದ್ರಾವಿಡ್ 96 ಎಸೆತ ಆಡಿ 12 ರನ್ ಗಳಿಸಿದರು. ಆ ಹನ್ನೆರಡು ರನ್ನಿಗಾಗಿ ಅವರಿಗೆ ಹೇಡಿ ಎಂಬ ಪಟ್ಟ ಬಂತು. ಫಾಲೋಆನ್ ಕೊಡದ್ದನ್ನು ಟೀಕಿಸಿ, ಅದು ನಾಯಕನ ನಿರ್ಧಾರ. ಅದರ ಪರವಾಗಿ ನಾನು ಹೇಳುವುದೂ ಇದೆ: ತಂಡದಲ್ಲಿದ್ದದ್ದು ನಾಲ್ಕೇ ಬೌಲರುಗಳು, ಅವರು ದಣಿದಿದ್ದರು, ಡ್ರಾ ಆದರೂ ಸರಣಿ ನಮ್ಮದೇ. ಆ ಚರ್ಚೆ ಬೇರೆ, ಹನ್ನೆರಡು ರನ್ನಿನ ಲೆಕ್ಕ ಬೇರೆ. ಇಂಗ್ಲೆಂಡ್ 6 ವಿಕೆಟಿಗೆ 369 ಮಾಡಿ ಟೆಸ್ಟ್ ಡ್ರಾ ಮಾಡಿಕೊಂಡಿತು, 1986ರ ನಂತರ ಮೊದಲ ಬಾರಿಗೆ ಭಾರತ ಅಲ್ಲಿ ಸರಣಿ ಗೆದ್ದಿತು. ಅಂಥ ನಾಯಕ ಮರುತಿಂಗಳೇ ನಾಯಕತ್ವ ಬಿಟ್ಟರು. ಇದೇ ದ್ರಾವಿಡ್ 2006ರ ಆರಂಭದಲ್ಲಿ ಲಾಹೋರಿನಲ್ಲಿ, ತಮಗೆ ಒಗ್ಗದ ಆರಂಭಿಕನ ಜಾಗಕ್ಕೆ ತಾವೇ ಇಳಿದು ಸೆಹ್ವಾಗ್ ಜೊತೆ 410 ರನ್ ಕೂಡಿಸಿದವರು. ನಾಯಕತ್ವ ಇರುವುದು ಆ ಜಾಗವನ್ನು ತಾನೇ ಒಪ್ಪಿಕೊಂಡದ್ದರಲ್ಲಿ. ಅಲ್ಲಿ ಬಂದ 128 ಬ್ಯಾಟ್ಸ್‌ಮನ್ನನ ಗಳಿಕೆ.

ಕರಾವಳಿಯ ಹುಡುಗ ಕೆ.ಎಲ್. ರಾಹುಲ್ ವಿಷಯದಲ್ಲೂ ಹೀಗೇ ಆಯಿತು. 2022ರ ಡಿಸೆಂಬರಿನಲ್ಲಿ ಅವರ ನಾಯಕತ್ವದಲ್ಲಿ ಭಾರತ ಬಾಂಗ್ಲಾದೇಶದಲ್ಲಿ ಎರಡೂ ಟೆಸ್ಟ್ ಗೆದ್ದಿತು. ನಾಲ್ಕು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 57. ಬ್ಯಾಟ್ಸ್‌ಮನ್ ರಾಹುಲ್ ಬಗ್ಗೆ ಆತಂಕಪಡಲು ಅಷ್ಟು ಸಾಕು. ನಾಯಕ ರಾಹುಲ್‌ಗೆ ಕೇಳಬೇಕಾದ ಪ್ರಶ್ನೆ ಬೇರೆಯಿತ್ತು: ಚಟ್ಟೋಗ್ರಾಮದಲ್ಲಿ ಎಂಟು ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದ ಕುಲದೀಪ್ ಯಾದವ್ ಮೀರ್‌ಪುರದಲ್ಲಿ ಹೊರಗೆ ಕೂತದ್ದೇಕೆ? ಇದು ನಾಯಕತ್ವದ ಚರ್ಚೆ. ಇದನ್ನು ವಾರಗಟ್ಟಲೆ ನಡೆಸಿದ್ದರೂ ನನಗೆ ತಕರಾರಿರಲಿಲ್ಲ.

ನಾಯಕ ಸೊನ್ನೆಗೆ ಔಟಾದ ದಿನ ಅವನ ಹೆಂಡತಿ ಮಕ್ಕಳನ್ನು ಎಳೆದು ತರುವವರ ಮಾತು ವಾದವೇ ಅಲ್ಲ.

ಗೆದ್ದಾಗಲೂ ನಾವು ರನ್ನನ್ನೇ ನಾಯಕತ್ವ ಎಂದುಕೊಳ್ಳುವ ತಪ್ಪನ್ನು ಮಾಡುತ್ತೇವೆ. 2025ರ ಮಾರ್ಚ್ 9ರಂದು ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ರೋಹಿತ್ 76 ಹೊಡೆದಾಗ ಮೂರು ತಿಂಗಳ ಹಿಂದೆ ಬೈದವರೇ ಹೊಗಳಿದರು. ಆ ಪಿಚ್ಚಿಗೆ ನಾಲ್ವರು ಸ್ಪಿನ್ನರುಗಳನ್ನು ನೆಚ್ಚಿಕೊಂಡು, ನ್ಯೂಜಿಲೆಂಡನ್ನು 251ಕ್ಕೆ ಕಟ್ಟಿಹಾಕಿದ್ದರ ಬಗ್ಗೆ ಹೊಗಳಿಕೆ ಅದರ ಕಾಲುಭಾಗವೂ ಬರಲಿಲ್ಲ. ಆದರೆ ಕಾಲ ಉಳಿಸಿಕೊಳ್ಳುವುದು ಬೇರೆಯದನ್ನು. ನಾಯಕರಾಗಿದ್ದ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರ ಮುಂಬೈ ಟೆಸ್ಟಿನಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬಾಥಂ 171 ರನ್ ಸೇರಿಸಿದರು, ಭಾರತ ಸೋತಿತು. ಆ ಟೆಸ್ಟಿನಲ್ಲಿ ವಿಶ್ವನಾಥ್ ಎಷ್ಟು ಹೊಡೆದರೆಂದು ಇಂದು ಯಾರೂ ಕೇಳುವುದಿಲ್ಲ. ನಾಯಕನಾಗಿ ಏನು ಮಾಡಿದರು ಎಂಬುದಷ್ಟೇ ಉಳಿದಿದೆ, ಅದು ಸರಿಯೋ ತಪ್ಪೋ ಎಂದು ಇಂದಿಗೂ ಚರ್ಚಿಸುತ್ತೇವೆ. ಕಾಲ ಈ ಎರಡನ್ನು ತಾನಾಗಿಯೇ ಬೇರ್ಪಡಿಸುತ್ತದೆ. ನಾವು ಪಂದ್ಯ ಮುಗಿದ ಸಂಜೆಯೇ ಬೇರ್ಪಡಿಸಲು ಕಲಿಯಬೇಕು.

ಕಲಿಕೆ ನಮ್ಮೂರಿನಿಂದಲೇ ಶುರುವಾಗಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಬೆಸ್ಟ್ ಬ್ಯಾಟ್ಸ್‌ಮನ್‌ಗೆ, ಬೆಸ್ಟ್ ಬೌಲರಿಗೆ, ಸರಣಿಶ್ರೇಷ್ಠನಿಗೆ ಟ್ರೋಫಿ ಕೊಡುತ್ತೇವೆ. ಒಂದು ಟ್ರೋಫಿಯನ್ನು ಉತ್ತಮ ನಾಯಕನಿಗೆ ಇಡಿ. ಅವನು ಸೊನ್ನೆಗೆ ಔಟಾಗಿದ್ದರೂ ಕೊಡಬಹುದು ಎಂದು ನಿಯಮ ಮಾಡಿ. ಆಗ ತೀರ್ಪು ಕೊಡುವವರು ಯಾರು ಯಾವ ಓವರ್ ಯಾರ ಕೈಗೆ ಕೊಟ್ಟರು, ಯಾರನ್ನು ಎಲ್ಲಿ ನಿಲ್ಲಿಸಿದರು ಎಂದು ಕೂತು ನೋಡಲೇಬೇಕಾಗುತ್ತದೆ. ಹಾಗೆ ನೋಡಲು ಕಲಿತ ಊರು ದೇಶದ ನಾಯಕನನ್ನು ಟೀಕಿಸುವಾಗಲೂ ಸರಿಯಾದ ಪ್ರಶ್ನೆಯನ್ನೇ ಕೇಳುತ್ತದೆ.