ಏಳು ಪಾಲು, ಉಳಿದ ಒಂದು ರೂಪಾಯಿ

ಮಕ್ಕಳೇ, ಮೊನ್ನೆ ಮೊಮ್ಮಗಳು ಲೆಕ್ಕದ ಪುಸ್ತಕ ಹಿಡಿದು ಸಪ್ಪೆ ಮುಖ ಮಾಡಿಕೊಂಡು ಬಂದಳು. “ತಾತ, ಒಂದನ್ನು ಏಳರಿಂದ ಭಾಗಿಸಿದ್ರೆ ಮುಗಿಯೋದೇ ಇಲ್ಲ!” ಹಾಳೆ ತುಂಬ 0.142857142857 ಎಂದು ಬರೆದಿದ್ದಳು.

ನನಗೆ ನಗು ಬಂತು. 1,42,857 ನನ್ನ ಹಳೆಯ ಪರಿಚಯ.

ಅಪ್ಪನ ಮನೆ ಮಾರಿದಾಗ ಬಂದದ್ದು ಹತ್ತು ಲಕ್ಷ. ಅಕ್ಕ, ಅಣ್ಣ, ತಮ್ಮ, ತಂಗಿಯರೆಲ್ಲ ಸೇರಿ ನಾವು ಏಳು ಜನ. ಇಬ್ಬರಿಗೆ ಆಗಲೇ ಮಾತು ನಿಂತಿತ್ತು. “ಬ್ಯಾಂಕಿನವನು ನೀನೇ ಲೆಕ್ಕ ಹಾಕು, ಪೈಸೆ ಗೊಡವೆ ಬೇಡ” ಎಂದರು ಅಣ್ಣ. ತಲೆಗೆ 1,42,857 ಬಂತು. ಏಳು ಪಾಲು ಕೂಡಿದರೆ 9,99,999. ಒಂದು ರೂಪಾಯಿ ಉಳಿಯಿತು. ಯಾರೂ ಮಾತಾಡಲಿಲ್ಲ.

ಆ ಕಥೆ ಆಮೇಲೆ. ಮೊದಲು ಪೆನ್ಸಿಲ್ ತೆಗೆದುಕೊಳ್ಳಿ. ಈ ಸಂಖ್ಯೆಯನ್ನು ಗುಣಿಸಿ:

2ರಿಂದ 2,85,714
3ರಿಂದ 4,28,571
4ರಿಂದ 5,71,428
5ರಿಂದ 7,14,285
6ರಿಂದ 8,57,142

ಅವೇ ಆರು ಅಂಕಿಗಳು, ಅದೇ ಸಾಲಿನಲ್ಲಿ, ಕೈ ಹಿಡಿದು ಸುತ್ತುತ್ತಿವೆ! ಅದಕ್ಕೇ ಇದನ್ನು ಚಕ್ರೀಯ ಸಂಖ್ಯೆ ಎನ್ನುತ್ತಾರೆ. ಕಾರಣ ಸುಲಭ. ಒಂದನ್ನು ಏಳರಿಂದ ಭಾಗಿಸುತ್ತಾ ಹೋದರೆ ಶೇಷ 1ರಿಂದ 6ರೊಳಗೇ ಇರಬೇಕು. ಆರು ಹೆಜ್ಜೆಯಲ್ಲಿ ಆರೂ ಶೇಷಗಳು ಬಂದುಹೋಗುತ್ತವೆ. ಏಳನೆಯ ಹೆಜ್ಜೆಗೆ ಹಳೆಯದೇ ಮರಳಬೇಕು, ಅಂಕಿಗಳೂ ಮರಳುತ್ತವೆ.

ಇನ್ನೂ ಇದೆ. ಅಂಕಿಗಳನ್ನು ಕೂಡಿದರೆ 27. ಆ 27ರಿಂದ ಸಂಖ್ಯೆಯನ್ನು ಭಾಗಿಸಿದರೆ ಶೇಷವಿಲ್ಲದೆ 5,291. ಇಂಥ ಸಂಖ್ಯೆಗೆ ‘ಹರ್ಷದ’, ಅಂದರೆ ಹರ್ಷ ಕೊಡುವುದು, ಎಂದು ಹೆಸರಿಟ್ಟವರು ನಾಸಿಕದ ಬಳಿಯ ದೇವಳಾಲಿಯ ಶಾಲಾ ಮಾಸ್ತರು ಡಿ. ಆರ್. ಕಾಪ್ರೇಕರ್ (1905–1986). ಅವರದೇ ಹೆಸರಿನ ಇನ್ನೊಂದು ಗುಂಪಿಗೂ ನಮ್ಮ ಸಂಖ್ಯೆ ಸೇರುತ್ತದೆ. ಇದರ ವರ್ಗ 20408122449. ಅದನ್ನು 20408 ಮತ್ತು 122449 ಎಂದು ತುಂಡು ಮಾಡಿ ಕೂಡಿ. ಮತ್ತೆ 1,42,857! ಚಿಕ್ಕವರು 45ರಲ್ಲಿ ನೋಡಿ: ವರ್ಗ 2025, 20 ಮತ್ತು 25 ಕೂಡಿದರೆ 45.

ಈಗ ಆ ರೂಪಾಯಿ. ಕೊನೆಗೆ ದೊಡ್ಡಕ್ಕ ಕೈ ಚಾಚಿದಳು. “ಅದು ಅಪ್ಪನ ಪಾಲು. ನನ್ನ ದೇವರ ಮನೆಯಲ್ಲಿಡ್ತೀನಿ. ವರ್ಷಕ್ಕೊಂದು ಸಲ ಎಲ್ಲರೂ ನೋಡೋಕೆ ಬರಬೇಕು.” ಮೊದಲ ವರ್ಷ ನಾಲ್ಕೇ ಜನ ಹೋದೆವು. ಮೂರನೆಯ ವರ್ಷ ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು.

ಅಜ್ಜ-ಅಜ್ಜಿಯರೇ, ಲೆಕ್ಕದಲ್ಲಿ ಉಳಿದದ್ದನ್ನು ಯಾರಾದರೂ ಒಬ್ಬರು ಜೋಪಾನ ಮಾಡಬೇಕು.

ಮಕ್ಕಳೇ, ಈ ವಾರದ ಕೆಲಸ: 1,42,857ನ್ನು 8ರಿಂದ ಗುಣಿಸಿ. ಉತ್ತರದ ಮೊದಲ ಅಂಕಿಯನ್ನು ತೆಗೆದು, ಉಳಿದದ್ದಕ್ಕೆ ಕೂಡಿ. ಏನು ಬಂತೆಂದು ತಾತನಿಗೋ ಅಜ್ಜಿಗೋ ಹೇಳಿ.